ಸೋಲಾರ್ ಇದ್ದೂ ಕತ್ತಲೆ ಯಾಕೆ? ತಾರಸಿ ಪ್ಯಾನೆಲ್ ಜೊತೆ ಬ್ಯಾಟರಿ ಕೂರಿಸುವ ಪೂರ್ತಿ ವಿಧಾನ

ಏಪ್ರಿಲ್‌ನ ಒಂದು ಮಟಮಟ ಮಧ್ಯಾಹ್ನ ನಮ್ಮ ಮನೆಯಲ್ಲಿ ಕರೆಂಟ್ ಹೋಯಿತು. ತಾರಸಿ ಮೇಲೆ 550 ವ್ಯಾಟ್‌ನ 6 ಪ್ಯಾನೆಲ್ ಇವೆ, ದಾವಣಗೆರೆ ಬಿಸಿಲು ನೆತ್ತಿ ಸುಡುತ್ತಿದೆ, ಆದರೂ ಒಂದೇ ಒಂದು ಫ್ಯಾನ್ ತಿರುಗಲಿಲ್ಲ. ಬೀಸಣಿಗೆ ಹಿಡಿದು ಕೂತಿದ್ದ ಅವ್ವ, "ಅಷ್ಟು ದುಡ್ಡು ಸುರಿದು ಮೇಲೆ ಕೂರ್ಸಿದ್ದು ಯಾತಕ್ಕಪ್ಪ ಹಂಗಾದ್ರೆ?" ಅಂತ ಕೇಳಿದಳು. ಹಾಕಿಸುವಾಗ ಇದನ್ನು ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ವಿಷಯ ಇಷ್ಟೇ. ಪ್ಯಾನೆಲ್ ಕರೆಂಟನ್ನು ಮನೆ ಬಳಕೆಗೆ ಬದಲಿಸುವ ಇನ್ವರ್ಟರ್ ಬರೀ ಆನ್‌ಗ್ರಿಡ್ (ಬೀದಿ ಲೈನ್ ಇದ್ದಾಗ ಮಾತ್ರ ಓಡುವಂಥದ್ದು) ಆಗಿದ್ದರೆ, ಬೀದಿ ಲೈನ್ ಆಫ್ ಆದ ಕೂಡಲೇ ಅದೂ ನಿಲ್ಲಲೇಬೇಕು. ನಿಲ್ಲದಿದ್ದರೆ ನಮ್ಮ ತಾರಸಿಯ ಕರೆಂಟ್ ಕಂಬಕ್ಕೆ ಹರಿದು, ಲೈನ್ ಆಫ್ ಇದೆ ಅಂತ ನಂಬಿ ಹತ್ತಿದ ಲೈನ್‌ಮನ್ ಜೀವಕ್ಕೇ ಕುತ್ತು. ಹಾಗಾಗಿ ಅದು ದೋಷ ಅಲ್ಲ, ಬೇಕೆಂದೇ ಇಟ್ಟ ರಕ್ಷಣೆ. ಕರೆಂಟ್ ಹೋದಾಗಲೂ ಸೋಲಾರ್ ಕೆಲಸ ಮಾಡಬೇಕು ಅಂದ್ರೆ ಮನೆಯನ್ನು ಬೀದಿ ಲೈನಿನಿಂದ ಬೇರ್ಪಡಿಸಿ ತಾನೇ ನಡೆಸಿಕೊಳ್ಳುವ ಹೈಬ್ರಿಡ್ ಇನ್ವರ್ಟರ್ ಬೇಕು, ಅದಕ್ಕೆ ಬೆನ್ನಿಗೆ ಬ್ಯಾಟರಿ ಬೇಕು.

ಮೊದಲು ಕೇಳಿಕೊಳ್ಳಿ: ನಿಜವಾಗಿ ಬೇಕಾ?

ಬ್ಯಾಟರಿ ಹಾಕಿದರೆ ಬಿಲ್ ಉಳಿಯುತ್ತದೆ ಅಂತ ಯಾರಾದರೂ ಹೇಳಿದರೆ ಸ್ವಲ್ಪ ತಡೆದು ಲೆಕ್ಕ ಹಾಕಿ. ನೆಟ್ ಮೀಟರ್ ಇದ್ದಾಗ ಹಗಲು ಹೆಚ್ಚಾದ ಯೂನಿಟ್ ಬೆಸ್ಕಾಂ ಲೈನಿಗೆ ಹೋಗುತ್ತದೆ, ರಾತ್ರಿ ಅಲ್ಲಿಂದ ತೆಗೆದುಕೊಂಡ ಯೂನಿಟ್ ಜೊತೆ ವಜಾ ಆಗುತ್ತದೆ. ಅಂದರೆ ಲೈನೇ ನಿಮಗೆ ಬ್ಯಾಟರಿ ಇದ್ದಂಗೆ. ಅದೇ ಯೂನಿಟ್ಟನ್ನು ಬ್ಯಾಟರಿಯಲ್ಲಿಟ್ಟು ರಾತ್ರಿ ಬಳಸಿದರೆ ಜೇಬಿಗೆ ಹೆಚ್ಚೇನೂ ಉಳಿಯಲ್ಲ. ಇನ್ನು ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುವ ಮನೆಯಾದರೆ ಹಣದ ಲೆಕ್ಕದಲ್ಲಿ ಬ್ಯಾಟರಿಗೆ ಅರ್ಥವೇ ಇಲ್ಲ.

ಬ್ಯಾಟರಿ ಇರುವುದು ಕರೆಂಟ್ ಇಲ್ಲದ ಹೊತ್ತಿಗೆ. ಮನೆಯಲ್ಲಿ ವಯಸ್ಸಾದವರಿದ್ದಾರಾ, ಆಕ್ಸಿಜನ್ ಮಷೀನೋ ನೆಬ್ಯುಲೈಸರೋ ಇದೆಯಾ, ಫ್ರಿಜ್‌ನಲ್ಲಿ ಇನ್ಸುಲಿನ್ ಇಡುತ್ತೀರಾ, ಮನೆಯಿಂದಲೇ ಕೆಲಸ ಮಾಡುತ್ತೀರಾ, ನಿಮ್ಮದು ಊರಾಚೆಯ ತೋಟದ ಮನೆಯಾ? ಇದರಲ್ಲಿ ಒಂದಕ್ಕಾದರೂ ಹೌದು ಅಂದರೆ ಮುಂದೆ ಓದಿ. ತಿಂಗಳಿಗೆ ನಾಲ್ಕಾರು ಸಲ ಗಂಟೆ ಹೊತ್ತು ಕರೆಂಟ್ ಹೋಗುವುದಷ್ಟೇ ತೊಂದರೆಯಾದರೆ, ಇರುವ ಸೋಲಾರ್ ಮುಟ್ಟದೆ ಪಕ್ಕದಲ್ಲಿ ಒಂದು ಮಾಮೂಲಿ ಯುಪಿಎಸ್, 150 ಎಎಚ್ (ಆಂಪಿಯರ್ ಅವರ್) ಟ್ಯೂಬುಲರ್, ಅಂದರೆ ನೀರು ಹಾಕುವ ಲೆಡ್ ಆಸಿಡ್ ಬ್ಯಾಟರಿ ಇಟ್ಟುಕೊಳ್ಳಿ. ಖರ್ಚು ಎಷ್ಟೋ ಕಡಿಮೆ. ನನ್ನ ತಂಗಿ ಮನೆಗೆ ನಾನೇ ಅದನ್ನು ಕೊಡಿಸಿದ್ದೇನೆ, ಅವಳಿಗೆ ಅಷ್ಟು ಸಾಕು.

ರಾತ್ರಿಯ ಲೆಕ್ಕ

ಎಲ್ಲರೂ ಪ್ಯಾನೆಲ್ ನೋಡಿ ಬ್ಯಾಟರಿ ತರುತ್ತಾರೆ. "3 ಕಿಲೋವ್ಯಾಟ್ ಸೋಲಾರಿಗೆ ಎಷ್ಟು ಬ್ಯಾಟರಿ?" ಅಂತ ಕೇಳುತ್ತಾರೆ. ಆ ಪ್ರಶ್ನೆಯೇ ತಪ್ಪು. ಬ್ಯಾಟರಿಯ ಅಳತೆ ಗೊತ್ತಾಗುವುದು ನಿಮ್ಮ ಮನೆಯ ರಾತ್ರಿಯಿಂದ. ಸಂಜೆ 6ರಿಂದ ಬೆಳಗ್ಗೆ 6ರವರೆಗೆ ಏನೇನು ಓಡಲೇಬೇಕೋ ಒಂದು ಹಾಳೆಯಲ್ಲಿ ಬರೆಯಿರಿ.

ನಮ್ಮ ಮನೆಯ ಹಾಳೆ ಹೀಗಿತ್ತು. 75 ವ್ಯಾಟ್‌ನ 3 ಹಳೇ ಫ್ಯಾನ್, 8 ಗಂಟೆ: 1,800 ವ್ಯಾಟ್ ಅವರ್. 9 ವ್ಯಾಟ್‌ನ 6 ಎಲ್‌ಇಡಿ, 5 ಗಂಟೆ: 270. ಫ್ರಿಜ್, 12 ಗಂಟೆಗೆ ಸುಮಾರು 600. ಟಿವಿ 3 ಗಂಟೆ: 240. ವೈಫೈ ರಾತ್ರಿಯಿಡೀ: 120. ಒಟ್ಟು 3,030, ಅಂದರೆ 3 ಯೂನಿಟ್ ಚಿಲ್ಲರೆ.

ಇಲ್ಲಿಗೆ ನಿಲ್ಲಿಸಬೇಡಿ. ಹೈಬ್ರಿಡ್ ಇನ್ವರ್ಟರ್ ಏನೂ ಕೆಲಸ ಮಾಡದೆ ಸುಮ್ನೆ ಕೂತಿದ್ದರೂ ತನ್ನ ಹೊಟ್ಟೆಗೆ ಅಂತ 40ರಿಂದ 60 ವ್ಯಾಟ್ ತಿನ್ನುತ್ತದೆ. 12 ಗಂಟೆಗೆ ಸುಮಾರು 600 ಆಯಿತು. ಇದನ್ನು ಕೊಟೇಶನ್‌ನಲ್ಲಿ ಯಾರೂ ಬರೆಯಲ್ಲ, ಆದರೆ ಬೆಳಗಿನ ಜಾವ 4 ಗಂಟೆಗೆ ಬ್ಯಾಟರಿ ಖಾಲಿಯಾದಾಗ ಗೊತ್ತಾಗುತ್ತದೆ. ಅದನ್ನು ಸೇರಿಸಿದರೆ 3,630. ಬ್ಯಾಟರಿಯ ಡಿಸಿ ಕರೆಂಟನ್ನು ಮನೆಗೆ ಬೇಕಾದ ಎಸಿ ಕರೆಂಟ್ ಮಾಡುವಾಗ ಶೇ 10ರಷ್ಟು ನಷ್ಟ, ಬ್ಯಾಟರಿಯನ್ನು ಶೇ 90ರವರೆಗೆ ಮಾತ್ರ ಬಳಸುವುದು, ಹೀಗಾಗಿ 3,630ನ್ನು 0.9ರಿಂದ ಎರಡು ಸಲ ಭಾಗಿಸಿ: ಸುಮಾರು 4,480. 51.2 ವೋಲ್ಟ್, 100 ಎಎಚ್‌ನ ಒಂದು ಲಿಥಿಯಂ ಬ್ಯಾಟರಿ ಅಂದರೆ 5.12 ಯೂನಿಟ್. ಅದು ಸಾಕು.

ಈಗ ಅದೇ 3 ಫ್ಯಾನ್ ತೆಗೆದು 30 ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನ್ ಹಾಕಿ ನೋಡಿ. 1,800 ಇದ್ದದ್ದು 720ಕ್ಕೆ ಇಳಿಯುತ್ತದೆ, ಬೇಕಾದ ಬ್ಯಾಟರಿ 4.5ರಿಂದ 3.15 ಯೂನಿಟ್‌ಗೆ. ಎರಡನೇ ಬ್ಯಾಟರಿ ತರುವ ಯೋಚನೆ ಇದ್ದವರು ಮೊದಲು ಫ್ಯಾನ್ ಬದಲಿಸಿ. ಇದಕ್ಕಿಂತ ಅಗ್ಗದ ಬ್ಯಾಟರಿ ಇಲ್ಲ.

ಗೀಸರ್, ಇಸ್ತ್ರಿಪೆಟ್ಟಿಗೆ, ಏರ್ ಕಂಡಿಷನರ್, ಬೋರ್‌ವೆಲ್ ಮೋಟಾರು ಈ ಹಾಳೆಗೆ ಬರಲೇಬಾರದು. ಸಂಪಿನಿಂದ ನೀರೆತ್ತುವ 1 ಎಚ್‌ಪಿ ಮೋಟಾರು ಓಡುವಾಗ ಸಾವಿರ ವ್ಯಾಟ್ ತಗೊಂಡರೂ ಎದ್ದೇಳುವ ಒಂದು ಕ್ಷಣ ಐದಾರು ಪಟ್ಟು ಎಳೆಯುತ್ತದೆ. ಅದನ್ನು ಹಗಲು ಬಿಸಿಲಿದ್ದಾಗ, ಬೀದಿ ಲೈನ್ ಇದ್ದಾಗ ಹಾಕಿ ಟ್ಯಾಂಕ್ ತುಂಬಿಸಿಕೊಳ್ಳುವ ಅಭ್ಯಾಸವೇ ಒಳ್ಳೆಯದು.

ಲಿಥಿಯಂ ತಗೋಬೇಕಾ, ಟ್ಯೂಬುಲರ್ ಸಾಕಾ

ಟ್ಯೂಬುಲರ್ ಎಲ್ಲರಿಗೂ ಗೊತ್ತಿರುವ ವಸ್ತು, ಊರಲ್ಲೇ ರಿಪೇರಿ ಆಗುತ್ತದೆ, ಹಳೆಯದಕ್ಕೆ ಗುಜರಿಯಲ್ಲಿ ಬೆಲೆಯೂ ಇದೆ. ಆದರೆ 12 ವೋಲ್ಟ್, 150 ಎಎಚ್ ಬ್ಯಾಟರಿಯ 1.8 ಯೂನಿಟ್‌ನಲ್ಲಿ ಅರ್ಧ ಮಾತ್ರ ಬಳಸಬೇಕು, ಪೂರ್ತಿ ಹಿಂಡಿದರೆ ಬೇಗ ಸಾಯುತ್ತದೆ. 48 ವೋಲ್ಟ್‌ಗೆ 4 ಬ್ಯಾಟರಿ ಬೇಕು, ಒಂದೊಂದೂ 50 ಕಿಲೋ ಮೇಲೆ. ಡಿಸ್ಟಿಲ್ಡ್ ವಾಟರ್ ಹಾಕುತ್ತಿರಬೇಕು, ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುವುದರಿಂದ ಗಾಳಿಯಾಡುವ ಜಾಗವೂ ಬೇಕು. ದಿನಾ ಬಳಸುವುದಾದರೆ ಲಿಥಿಯಂ ಐರನ್ ಫಾಸ್ಫೇಟ್, ಅಂದರೆ ಎಲ್‌ಎಫ್‌ಪಿ ತಗೊಳ್ಳಿ. ಸಾವಿರಾರು ಸಲ ಚಾರ್ಜ್ ಆಗಿ ಖಾಲಿಯಾದರೂ ತಡೆಯುತ್ತದೆ, ಬೇರೆ ಬಗೆಯ ಲಿಥಿಯಂಗೆ ಹೋಲಿಸಿದರೆ ಬೆಂಕಿಯ ಭಯವೂ ಕಡಿಮೆ. ವಾರಂಟಿ ಕಾರ್ಡ್‌ನಲ್ಲಿ ವರ್ಷ ಮಾತ್ರ ನೋಡಬೇಡಿ. ಎಷ್ಟು ಸೈಕಲ್ (ಚಾರ್ಜ್ ಆಗಿ ಖಾಲಿಯಾಗುವ ಸುತ್ತು), ಕೊನೆಗೆ ಶೇಕಡಾ ಎಷ್ಟು ಸಾಮರ್ಥ್ಯ ಉಳಿದಿರಬೇಕು, ಸರ್ವಿಸ್‌ಗೆ ಜನ ದಾವಣಗೆರೆಗೇ ಬರುತ್ತಾರಾ ಅಥವಾ 50 ಕಿಲೋ ಪೆಟ್ಟಿಗೆಯನ್ನು ನಾವೇ ಬೆಂಗಳೂರಿಗೆ ಹೊರಬೇಕಾ, ಮೂರನ್ನೂ ಕೇಳಿ.

ಇನ್ವರ್ಟರ್ ದೊಡ್ಡದಿದ್ದರೆ ಒಳ್ಳೆಯದು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. 5 ಕಿಲೋವ್ಯಾಟ್ ಇನ್ವರ್ಟರ್ ಪೂರ್ತಿ ಲೋಡಿನಲ್ಲಿ 48 ವೋಲ್ಟ್ ಬ್ಯಾಟರಿಯಿಂದ 100 ಆಂಪ್‌ಗಿಂತ ಜಾಸ್ತಿ ಎಳೆಯುತ್ತದೆ. 100 ಎಎಚ್‌ನ ಒಂಟಿ ಬ್ಯಾಟರಿಗೆ ಅದು ಭಾರ, ಒಳಗೆ ಬ್ಯಾಟರಿ ಕಾಯುವ ಸರ್ಕ್ಯೂಟ್, ಅಂದರೆ ಬಿಎಂಎಸ್, ಟ್ರಿಪ್ ಮಾಡಿ ಮನೆಯೆಲ್ಲ ಕತ್ತಲಾಗುತ್ತದೆ. ಒಂದು ಬ್ಯಾಟರಿಗೆ 3 ಕಿಲೋವ್ಯಾಟ್ ಇನ್ವರ್ಟರ್ ಸರಿಯಾದ ಜೋಡಿ. ಇನ್ವರ್ಟರ್ ಕಂಪನಿ ಕೊಡುವ ಪಟ್ಟಿಯಲ್ಲಿ ಆ ಬ್ಯಾಟರಿಯ ಹೆಸರು ಇದೆಯಾ ಅಂತ ನೋಡದೆ ಎರಡನ್ನೂ ಕೊಳ್ಳಬೇಡಿ.

ಅರ್ಜಿ, ಸಬ್ಸಿಡಿ

ಮನೆ ತಾರಸಿಯ ಸೋಲಾರ್‌ಗೆ ಕೇಂದ್ರ ಸರ್ಕಾರ ಸಬ್ಸಿಡಿ ಕೊಡುವ ಪಿಎಂ ಸೂರ್ಯ ಘರ್ ಯೋಜನೆ 2024ರ ಫೆಬ್ರವರಿಯಲ್ಲಿ ಶುರುವಾಯಿತು. 1 ಕಿಲೋವ್ಯಾಟ್‌ಗೆ 30,000, 2ಕ್ಕೆ 60,000, 3 ಮತ್ತು ಅದಕ್ಕಿಂತ ಮೇಲೆ 78,000 ರೂಪಾಯಿ. ಇದು ಸೋಲಾರ್‌ಗೆ ಮಾತ್ರ, ಬ್ಯಾಟರಿಯ ಖರ್ಚು ಪೂರ್ತಿ ನಿಮ್ಮದೇ. ಪ್ಯಾನೆಲ್, ಇನ್ವರ್ಟರ್ ಎರಡರಲ್ಲಿ ಯಾವುದು ಸಣ್ಣದೋ ಅದರ ಮೇಲೆ ಸಬ್ಸಿಡಿ ಲೆಕ್ಕ. ಪ್ಯಾನೆಲ್ ಒಳಗಿನ ಸೆಲ್ ಕೂಡ ಭಾರತದಲ್ಲೇ ಮಾಡಿದ್ದಾಗಿರಬೇಕು. ಬಿಲ್ಲಿನಲ್ಲಿರುವ ಅಕೌಂಟ್ ಐಡಿ ಹಾಕಿ ರಾಷ್ಟ್ರೀಯ ಪೋರ್ಟಲ್‌ನಲ್ಲಿ ನೋಂದಾಯಿಸಿ, ನೋಂದಾಯಿತ ವೆಂಡರ್‌ನನ್ನೇ ಆರಿಸಿ. ಮನೆ ಯಾರ ಹೆಸರಲ್ಲಿದೆಯೋ ಮೀಟರ್ ಕೂಡ ಅವರ ಹೆಸರಲ್ಲೇ ಇರಲಿ. ತೀರಿಹೋದ ತಾತನ ಹೆಸರಲ್ಲೇ ಮೀಟರ್ ಉಳಿದಿರುವ ಮನೆಗಳು ನಮ್ಮ ಕಡೆ ಬೇಕಾದಷ್ಟಿವೆ, ಮೊದಲು ಅದನ್ನು ಬದಲಾಯಿಸಿಕೊಳ್ಳಿ.

ಹೈಬ್ರಿಡ್ ಹಾಕುತ್ತೇವೆ ಅಂತ ಅರ್ಜಿ ಹಂತದಲ್ಲೇ ಹೇಳಿಬಿಡಿ. ಈಗಾಗಲೇ ಆನ್‌ಗ್ರಿಡ್ ಇದ್ದು ಇನ್ವರ್ಟರ್ ಬದಲಿಸುವವರು, ಹಳೇ ಮಾಡೆಲ್ ನಂಬರ್ ಕಾಗದಪತ್ರದಲ್ಲಿ ಇರುವುದರಿಂದ, ಬೆಸ್ಕಾಂ ಸಬ್‌ಡಿವಿಷನ್ ಕಚೇರಿಗೆ ತಿಳಿಸದೆ ಕೈ ಹಾಕಬೇಡಿ.

ತಾರಸಿ: ನೆರಳು, ಗಾಳಿ

ಕಿಲೋವ್ಯಾಟ್‌ಗೆ ಸುಮಾರು 100 ಚದರ ಅಡಿ ಜಾಗ ಬೇಕು. ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿ 10ರಿಂದ 15 ಡಿಗ್ರಿ ವಾಲಿರಲಿ, ನಾವು 14 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿರುವುದರಿಂದ ಅಷ್ಟು ಸಾಕು. ನಮ್ಮ ಬಿಸಿಲಿನ ಬಗ್ಗೆ ಅನುಮಾನ ಬೇಡ. ಚಳ್ಳಕೆರೆ ಪಕ್ಕದ ಪಾವಗಡದಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಸುಮ್ನೆ ಬಂದಿಲ್ಲ. ವರ್ಷದ ಸರಾಸರಿ ತೆಗೆದರೆ ಕಿಲೋವ್ಯಾಟ್‌ಗೆ ದಿನಕ್ಕೆ 4 ಯೂನಿಟ್ ಅಂತ ಇಟ್ಟುಕೊಳ್ಳಿ. ಜುಲೈನ ಮೋಡದ ದಿನಗಳಲ್ಲಿ ಅರ್ಧಕ್ಕಿಂತ ಕೆಳಗೂ ಇಳಿಯುತ್ತದೆ.

ನೆರಳನ್ನು ಡಿಸೆಂಬರ್ ಲೆಕ್ಕದಲ್ಲಿ ನೋಡಿ. ಆಗ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, 6 ಅಡಿ ಎತ್ತರದ ನೀರಿನ ಟ್ಯಾಂಕಿನ ನೆರಳು ನಡುಮಧ್ಯಾಹ್ನವೇ ಹತ್ತಿರಹತ್ತಿರ 5 ಅಡಿ ಉತ್ತರಕ್ಕೆ ಚಾಚುತ್ತದೆ, ಬೆಳಗ್ಗೆ 9ಕ್ಕೆ ಇನ್ನೂ ಉದ್ದ. ಬಿಸಿನೀರಿನ ಸೋಲಾರ್, ಪಕ್ಕದ ಮನೆಯ ತೆಂಗಿನಗರಿ, ಡಿಶ್, ಒಂದನ್ನೂ ಬಿಡದೆ ನೋಡಿ. ಒಂದು ಮೂಲೆಗೆ ನೆರಳು ಬಿದ್ದರೂ ಆ ಪ್ಯಾನೆಲ್‌ನ ಮೂರನೇ ಒಂದು ಭಾಗ ಸತ್ತಂತೆ.

ಚಿತ್ರದುರ್ಗದವರಿಗೆ ಒಂದು ಮಾತು ಒತ್ತಿ ಹೇಳಬೇಕು. ನಿಮ್ಮ ಗುಡ್ಡಗಳ ಮೇಲೆ ಗಾಳಿಯಂತ್ರ ನಿಂತಿರುವುದು ಯಾಕೆ ಅಂತ ನಿಮಗೇ ಗೊತ್ತು. 28 ಕಿಲೋ ತೂಕದ, ಏಳೂವರೆ ಅಡಿ ಉದ್ದದ ಪ್ಯಾನೆಲ್ ಅಂದರೆ ಗಾಳಿಗೆ ಅದೊಂದು ಹಾಯಿಪಟ. ಕರಗಿದ ಸತುವಿನಲ್ಲಿ ಅದ್ದಿ ಲೇಪ ಕೊಟ್ಟ ಜಿಐ ಕಬ್ಬಿಣದ ಚೌಕಟ್ಟೇ ಆಗಬೇಕು, ಕಾಲುಗಳಿಗೆ ಕಾಂಕ್ರೀಟ್ ದಿಮ್ಮಿ ಬೇಕು. ಮೋಲ್ಡಿಗೆ ಡ್ರಿಲ್ ಮಾಡಿ ಬೋಲ್ಟ್ ಹೊಡೆದರೆ ಮುಂದಿನ ಮಳೆಗಾಲಕ್ಕೆ ಸೋರುತ್ತದೆ. ಹಳೇ ಮಣ್ಣಿನ ಮಾಳಿಗೆ ಮನೆಯಾದರೆ ಮಾಳಿಗೆ ಮೇಲೆ ಹಾಕಲೇಬೇಡಿ, ಹಿತ್ತಲಲ್ಲಿ ಕಂಬ ನಿಲ್ಲಿಸಿ ಹಾಕಿ.

ಬ್ಯಾಟರಿಗೆ ಜಾಗ

ತಾರಸಿಯ ಮೆಟ್ಟಿಲ ಕೋಣೆಯಲ್ಲಿ ಇಡುವುದು ಸಾಮಾನ್ಯ. ಇಡಬೇಡಿ. ಏಪ್ರಿಲ್, ಮೇನಲ್ಲಿ ಆ ಕೋಣೆಗೆ ಒಮ್ಮೆ ಮಧ್ಯಾಹ್ನ 3ಕ್ಕೆ ಹೋಗಿ ನಿಂತು ನೋಡಿ, ಉಸಿರು ಕಟ್ಟುತ್ತದೆ. ಲಿಥಿಯಂಗೆ 45 ಡಿಗ್ರಿ ದಾಟಿದರೆ ಆಯಸ್ಸು ಕರಗುತ್ತದೆ. ಮಲಗುವ ಕೋಣೆ ಬೇಡ, ಹೊರಗೆ ಓಡುವ ದಾರಿಯೂ ಬೇಡ. ಕೆಳಮನೆಯ ಉತ್ತರ ಅಥವಾ ಪೂರ್ವದ ಗೋಡೆ, ಬಿಸಿಲು ಬೀಳದ ಪಡಸಾಲೆಯ ಮೂಲೆ ಒಳ್ಳೆಯದು. ಮನೆ ತೊಳೆಯುವ ನೀರು ತಾಗದಂತೆ ನೆಲದಿಂದ ಒಂದಡಿ ಮೇಲೆ, ಸುತ್ತ ಒಂದಡಿ ಜಾಗ. 45–50 ಕಿಲೋ ತೂಕವನ್ನು ಇಟ್ಟಿಗೆಯ ಸಣ್ಣ ಗೋಡೆಗೆ ನೇತು ಹಾಕುವ ಬದಲು ಕಟ್ಟೆ ಮೇಲೆ ಕೂರಿಸಿ.

ವೈರಿಂಗ್: ಇಲ್ಲಿ ಅವಸರ ಬೇಡ

ಲೈಸೆನ್ಸ್ ಇರುವವರಿಂದಲೇ ಮಾಡಿಸಿ. ಬಿಸಿಲಿರುವವರೆಗೆ ಪ್ಯಾನೆಲ್ ಕರೆಂಟ್ ಹುಟ್ಟಿಸುವುದನ್ನು ನಿಲ್ಲಿಸುವ ಸ್ವಿಚ್ ಇಲ್ಲ. 6 ಪ್ಯಾನೆಲ್ ಸರಣಿಯಲ್ಲಿ ಕೂಡಿದರೆ 300 ವೋಲ್ಟ್ ಡಿಸಿ. ನೀವು ಮಾಡಬೇಕಾದದ್ದು ಪಕ್ಕದಲ್ಲಿ ನಿಂತು ನೋಡುವುದು, ಕೇಳುವುದು.

ಮೊದಲ ಕೆಲಸ, ಬ್ಯಾಕಪ್‌ಗೆ ಬೇರೆ ಡಿಬಿ, ಅಂದರೆ ಎಂಸಿಬಿಗಳಿರುವ ಪೆಟ್ಟಿಗೆ. ರಾತ್ರಿಯ ಹಾಳೆಯಲ್ಲಿ ಬರೆದ ಸರ್ಕ್ಯೂಟ್ ಮಾತ್ರ ಅದರೊಳಗೆ. ಹಳೇ ಮನೆಗಳಲ್ಲಿ ಇಲ್ಲೇ ತೊಡಕು: ಫೇಸ್ ಬೇರೆ ಬೇರೆ ಇದ್ದರೂ ಎಲ್ಲಾ ರೂಮಿಗೂ ನ್ಯೂಟ್ರಲ್ ಒಂದೇ ಎಳೆದಿರುತ್ತಾರೆ. ಬ್ಯಾಕಪ್ ಸರ್ಕ್ಯೂಟ್‌ನ ನ್ಯೂಟ್ರಲ್ ಮೇನ್‌ನ ನ್ಯೂಟ್ರಲ್ ಜೊತೆ ಬೆರೆತರೆ, ಶಾಕ್ ಆಗುವಾಗ ಕರೆಂಟ್ ಕಡಿಯುವ ಆರ್‌ಸಿಸಿಬಿ ಕಾರಣವಿಲ್ಲದೆ ಬೀಳುತ್ತಿರುತ್ತದೆ, ಆಗ ಬೇಸತ್ತು ಕೆಲವರು ಅದನ್ನೇ ಕಿತ್ತು ಹಾಕುತ್ತಾರೆ. ಕೀಳಬಾರದು. ಜೀವ ಉಳಿಸುವುದೇ ಆ 30 ಮಿಲಿ ಆಂಪ್ ಆರ್‌ಸಿಸಿಬಿ. ನ್ಯೂಟ್ರಲ್ ಬೇರ್ಪಡಿಸುವುದಕ್ಕೆ ಒಂದು ದಿನ ಜಾಸ್ತಿ ಹಿಡಿದರೂ ಹಿಡಿಯಲಿ. 3 ಫೇಸ್ ಮನೆಗೆ ಸಿಂಗಲ್ ಫೇಸ್ ಹೈಬ್ರಿಡ್ ಹಾಕುವವರು ಬೇಕಾದ ಲೋಡನ್ನೆಲ್ಲ ಒಂದೇ ಫೇಸ್‌ಗೆ ತರಬೇಕು.

ಬ್ಯಾಟರಿಯಿಂದ ಇನ್ವರ್ಟರ್‌ಗೆ ಗಿಡ್ಡ, ದಪ್ಪ ತಾಮ್ರದ ಕೇಬಲ್. 3 ಕಿಲೋವ್ಯಾಟ್‌ಗೆ ಕನಿಷ್ಠ 25, 5 ಕಿಲೋವ್ಯಾಟ್‌ಗೆ 35 ಚದರ ಮಿಲಿಮೀಟರ್. ಬ್ಯಾಟರಿ ಹತ್ತಿರವೇ ಡಿಸಿ ಫ್ಯೂಸ್ ಅಥವಾ ಡಿಸಿ ಬ್ರೇಕರ್. ಅಂಗಡಿಯಲ್ಲಿ ಸಿಗುವ ಮಾಮೂಲಿ ಎಸಿ ಎಂಸಿಬಿಯನ್ನು ಇಲ್ಲಿ ಹಾಕಿದರೆ ಬೆಂಕಿಗೆ ಆಹ್ವಾನ. ಎಸಿ ಸೆಕೆಂಡಿಗೆ 100 ಸಲ ಸೊನ್ನೆಗೆ ಬರುತ್ತದೆ, ಆಗ ಕಿಡಿ ತಾನಾಗಿ ಆರುತ್ತದೆ. ಡಿಸಿ ಸೊನ್ನೆಗೆ ಬರುವುದೇ ಇಲ್ಲ, ಕಿಡಿ ಹೊತ್ತಿಕೊಂಡೇ ಇರುತ್ತದೆ.

ನಮ್ಮಲ್ಲಿ ನಡೆದದ್ದು ಹೇಳುತ್ತೇನೆ. ಬ್ಯಾಟರಿಯ ಪ್ಲಸ್ ಕೇಬಲ್ ತುದಿಯ ತಾಮ್ರದ ಬಳೆಯನ್ನು, ಅಂದರೆ ಲಗ್ಗನ್ನು, ಹುಡುಗ ಕಟಿಂಗ್ ಪ್ಲೇಯರ್‌ನಿಂದ ಒತ್ತಿ ಕೂರಿಸಿದ. ಹೈಡ್ರಾಲಿಕ್ ಕ್ರಿಂಪರ್ ಎಲ್ಲಿ ಅಂದರೆ, "ಸಾಕ್ ಬಿಡ್ರಿ ಸಾರ್, ಏನಾಗಲ್ಲ" ಅಂದ. ನಾನೂ ಬಿಟ್ಟೆ. ಎರಡು ವಾರಕ್ಕೆ ಮೂಲೆಯಲ್ಲಿ ರಬ್ಬರ್ ಸುಟ್ಟಂಥ ಸಣ್ಣ ವಾಸನೆ. ಮುಚ್ಚಳ ತೆಗೆದರೆ ಕೇಬಲ್ಲಿನ ಕೆಂಪು ಸ್ಲೀವ್ ಲಗ್ಗಿನ ಹತ್ತಿರ ಒಂದಿಂಚು ಕಂದಾಗಿ ಮುದುಡಿತ್ತು, ತಾಮ್ರದ ಮೇಲೆ ನೇರಳೆ ಬಣ್ಣ ಓಡಿತ್ತು. 60 ಆಂಪ್ ಹರಿಯುವ ಕಡೆ ಸಡಿಲ ಜೋಡಣೆ ಅಂದರೆ ಹೀಟರ್ ಇಟ್ಟಂತೆ. ಪುಣ್ಯಕ್ಕೆ ಬೇಗ ಕಂಡಿತು. ಅದಕ್ಕೇ ಹೇಳುವುದು, ಕ್ರಿಂಪರ್, ಟಾರ್ಕ್ ಸ್ಪ್ಯಾನರ್ ಇಲ್ಲದೆ ಬಂದವರನ್ನು ಮುಲಾಜಿಲ್ಲದೆ ವಾಪಸ್ ಕಳಿಸಿ. ಮೊದಲ ವಾರ ಪೂರ್ತಿ ಲೋಡ್ ಹಾಕಿ ಅರ್ಧ ಗಂಟೆ ಬಿಟ್ಟು, ಇನ್‌ಫ್ರಾರೆಡ್ ಥರ್ಮಾಮೀಟರ್‌ನಿಂದ ಎರಡೂ ಲಗ್ ನೋಡಿ. ಒಂದಕ್ಕಿಂತ ಇನ್ನೊಂದು ಹತ್ತು ಡಿಗ್ರಿ ಬಿಸಿ ಇದ್ದರೆ ಬಿಚ್ಚಿಸಿ.

ಅರ್ಥಿಂಗ್ ವಿಷಯದಲ್ಲಿ ನಮ್ಮ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆ ಕಷ್ಟದವು. ಮೂರು ಗುಂಡಿ ಬೇಕು: ಚೌಕಟ್ಟು ಮತ್ತು ಡಿಸಿಗೆ ಒಂದು, ಎಸಿಗೆ ಒಂದು, ಸಿಡಿಲು ತಡೆಗೆ ಒಂದು. ಚಿತ್ರದುರ್ಗದಲ್ಲಿ ಎರಡಡಿ ಅಗೆದರೆ ಬಂಡೆ ಸಿಗುವ ಜಾಗಗಳಿವೆ. ಅಲ್ಲಿ ಆಳಕ್ಕೆ ಹೋಗಲು ಒದ್ದಾಡುವ ಬದಲು ಎರಡು ಮೂರು ಕಡೆ ಗಿಡ್ಡ ಕಡ್ಡಿ ಹೂತು, ಜಿಐ ಪಟ್ಟಿಯಿಂದ ಸೇರಿಸಿ, ತೇವ ಹಿಡಿದಿಡುವ ಬೆಂಟೊನೈಟ್ ಜೇಡಿ ತುಂಬಿಸಿ. ದಾವಣಗೆರೆ ಕಡೆಯ ಎರೆಮಣ್ಣು ಮಳೆಗಾಲದಲ್ಲಿ ಚೆನ್ನಾಗಿರುತ್ತದೆ, ಬೇಸಿಗೆಗೆ ಬಿರುಕು ಬಿಟ್ಟು ಕಡ್ಡಿಯಿಂದ ದೂರ ಸರಿಯುತ್ತದೆ. ಹಾಗಾಗಿ ಅರ್ಥ್ ಅಳತೆಯನ್ನು ಮೇ ತಿಂಗಳಲ್ಲಿ ಇನ್ನೊಮ್ಮೆ ಮಾಡಿಸಿ. 5 ಓಂ ಒಳಗೆ ಇರಬೇಕು.

ಸೆಟ್ಟಿಂಗ್

ಇನ್ವರ್ಟರ್ ಬರುವಾಗ ಲೆಡ್ ಆಸಿಡ್ ಅಂತಲೇ ಇರಬಹುದು, ಲಿಥಿಯಂ ಅಂತ ಬದಲಿಸಿದ್ದಾರಾ ನೋಡಿ. ಈಕ್ವಲೈಸ್ (ಲೆಡ್ ಆಸಿಡ್‌ಗೆ ಆಗಾಗ ಕೊಡುವ ಹೆಚ್ಚಿನ ಚಾರ್ಜ್) ಆಫ್ ಇರಬೇಕು. ಬಿಎಂಎಸ್ ಕೇಬಲ್ ಕೂಡಿದ್ದರೆ ಬ್ಯಾಟರಿಯೇ ತನಗೆಷ್ಟು ಬೇಕು ಅಂತ ಹೇಳುತ್ತದೆ. ಕೇಬಲ್ ಹೊಂದದಿದ್ದರೆ 16 ಸೆಲ್ ಬ್ಯಾಟರಿಗೆ ಚಾರ್ಜ್ 56 ವೋಲ್ಟ್, ಫ್ಲೋಟ್ (ತುಂಬಿದ ಮೇಲೆ ಹಿಡಿದಿಡುವ ಮಟ್ಟ) 54, ಕಡಿತ 48. ಕೆಲವು ಬ್ಯಾಟರಿಯಲ್ಲಿ 15 ಸೆಲ್ ಇರುತ್ತವೆ, ಅದಕ್ಕೆ 56 ಕೊಟ್ಟರೆ ಹಾಳಾಗುತ್ತದೆ, ಲೇಬಲ್ ಓದಿ.

ನೆಟ್ ಮೀಟರ್ ಇರುವ ಮನೆಯಲ್ಲಿ ದಿನಾ ರಾತ್ರಿ ಬ್ಯಾಟರಿ ಖಾಲಿ ಮಾಡುವ ಅಗತ್ಯ ಇಲ್ಲ. ಸೋಲಾರ್ ಮೊದಲು, ಆಮೇಲೆ ಲೈನ್, ಕೊನೆಗೆ ಬ್ಯಾಟರಿ ಅಂತ ಇಡಿ. ದಿನಾ ಬಳಸಬೇಕು ಅನ್ನುವವರು ಬೇಸಿಗೆಯಲ್ಲಿ ಶೇ 50, ಜೂನ್‌ನಿಂದ ಮಳೆ ನಿಲ್ಲುವವರೆಗೆ ಶೇ 70 ಮೀಸಲು ಇಡಿ, ಯಾಕಂದ್ರೆ ಮರ ಬಿದ್ದು ಲೈನ್ ಹರಿಯುವ ದಿನವೇ ಬಿಸಿಲೂ ಇರಲ್ಲ.

ಪರೀಕ್ಷೆ ಮತ್ತು ಆರೈಕೆ

ದುಡ್ಡು ಪೂರ್ತಿ ಕೊಡುವ ಮೊದಲು, ಬಿಸಿಲಿರುವ ಹೊತ್ತಲ್ಲಿ ನಿಮ್ಮ ಕೈಯಿಂದಲೇ ಮೇನ್ ಸ್ವಿಚ್ ಇಳಿಸಿ. ಫ್ಯಾನ್ ನಿಲ್ಲಬಾರದು, ವೈಫೈ ರೀಸ್ಟಾರ್ಟ್ ಆಗಬಾರದು. ಫ್ರಿಜ್ ಓಡುತ್ತಿರುವಾಗಲೇ ಮಿಕ್ಸಿ ಹಾಕಿ. ಮೇನ್ ಸ್ವಿಚ್ ಆಚೆ, ಲೈನ್ ಕಡೆಗೆ ಇನ್ವರ್ಟರ್‌ನಿಂದ ವೋಲ್ಟೇಜ್ ಹೋಗುತ್ತಿಲ್ಲ ಅಂತ ಎಲೆಕ್ಟ್ರಿಷಿಯನ್ ಮೀಟರ್ ಇಟ್ಟು ತೋರಿಸಲಿ. ಕಂಬದ ಮೇಲಿರುವವನ ಜೀವದ ಪ್ರಶ್ನೆ ಇದು. ರಾತ್ರಿ ಇನ್ನೊಮ್ಮೆ ಮಾಡಿ, ಬ್ಯಾಟರಿ ಎಷ್ಟು ಗಂಟೆ ಬಂತು ಅಂತ ಹಾಳೆಯ ಲೆಕ್ಕದ ಜೊತೆ ತಾಳೆ ನೋಡಿ.

ಪ್ಯಾನೆಲ್‌ಗಳನ್ನು ಬೆಳಗ್ಗೆ ಬಿಸಿಲೇರುವ ಮುಂಚೆ ತೊಳೆಯಿರಿ, ಕಾದ ಗಾಜಿಗೆ ತಣ್ಣೀರು ಸುರಿಯಬೇಡಿ. ನಮ್ಮ ಬೋರ್‌ವೆಲ್‌ನ ಗಡುಸು ನೀರು ಒಣಗಿದರೆ ಬಿಳಿ ಕಲೆ ಕೂರುತ್ತದೆ, ಹಿಡಿದಿಟ್ಟ ಮಳೆನೀರು ಇದ್ದರೆ ಅದೇ ಮೇಲು, ಇಲ್ಲದಿದ್ದರೆ ತೊಳೆದ ಮೇಲೆ ವೈಪರ್ ಎಳೆಯಿರಿ. ಮಂಡಕ್ಕಿ ಭಟ್ಟಿಗಳ ಹತ್ತಿರದ ಮನೆಯವರಿಗೆ 15 ದಿನಕ್ಕೊಮ್ಮೆ ಬೇಕು, ಅಲ್ಲಿಯ ಮಸಿ ಬರೀ ನೀರಿಗೆ ಹೋಗಲ್ಲ, ಮೆತ್ತನೆಯ ಬಟ್ಟೆಯಿಂದ ಉಜ್ಜಬೇಕು. ಗಾಳಿಕಾಲ ಮುಗಿದ ಮೇಲೆ, ಸೆಪ್ಟೆಂಬರ್‌ನಲ್ಲಿ, ಚೌಕಟ್ಟಿನ ಪ್ರತಿ ಬೋಲ್ಟನ್ನೂ ಬಿಗಿ ಮಾಡಿಸಿ.

ಆಫ್ ಮಾಡುವ ಕ್ರಮವನ್ನು ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಬರೆದು ಡಿಬಿ ಮುಚ್ಚಳದ ಒಳಗೆ ಅಂಟಿಸಿ: ಮೊದಲು ಬ್ಯಾಕಪ್ ಎಂಸಿಬಿ, ಆಮೇಲೆ ಬೀದಿ ಲೈನ್, ಆಮೇಲೆ ಸೋಲಾರ್ ಡಿಸಿ ಸ್ವಿಚ್, ಕೊನೆಗೆ ಬ್ಯಾಟರಿ ಬ್ರೇಕರ್. ಆನ್ ಮಾಡುವಾಗ ಉಲ್ಟಾ, ಬ್ಯಾಟರಿ ಮೊದಲು. ಮನೆಯಲ್ಲಿ ನೀವಿಲ್ಲದಾಗ ಇರುವವರಿಗೆ ಇದನ್ನು ಕೈ ಹಿಡಿದು ಮಾಡಿಸಿ ತೋರಿಸಿ. ಅವ್ವನಿಗೆ ನಾನು ನಾಲ್ಕು ಸ್ವಿಚ್‌ಗೂ ಬೇರೆ ಬೇರೆ ಬಣ್ಣದ ಟೇಪ್ ಸುತ್ತಿ ಕಲಿಸಿದೆ. ಈಗ ಸಿಡಿಲು ಶುರುವಾದರೆ ನನಗೆ ಫೋನ್ ಮಾಡುವ ಮೊದಲೇ ಅವಳು ಕೆಂಪು, ಹಳದಿ, ಹಸಿರು, ನೀಲಿ ಅಂತ ಎಣಿಸಿ ಇಳಿಸಿರುತ್ತಾಳೆ.